ಬೇಡವಾದ್ದು ಎಂದು ಬರೆದ ಪೆಟ್ಟಿಗೆ

ರಾಜ್ಯ ದಾಟಿ ಬಂದ ನಮ್ಮ ಸಾಮಾನು ಬೆಳಿಗ್ಗೆಯೇ ಇಳಿದಿತ್ತು. ಹೊಸ ಮನೆಯ ಹಾಲಿನಲ್ಲಿ ಇಪ್ಪತ್ತಾರು ರಟ್ಟಿನ ಪೆಟ್ಟಿಗೆಗಳು, ಅವುಗಳ ನಡುವೆ ಅಕ್ಕ. ನಾಲ್ಕು ಗಂಟೆಗೆ ಅವಳ ಆನ್‌ಲೈನ್ ಗಣಿತದ ಕ್ಲಾಸು. ಹನ್ನೊಂದು ಮಕ್ಕಳು, ನಾಳೆ ಅವರಿಗೆ ಪರೀಕ್ಷೆ. ಇವತ್ತು ತಪ್ಪಿದರೆ ಆ ಮಕ್ಕಳನ್ನು ಬೇರೆ ಟೀಚರಿಗೆ ಕೊಡುವುದಾಗಿ ಅವಳ ಸಂಸ್ಥೆ ಮೊದಲೇ ಹೇಳಿತ್ತು. ಮೊಬೈಲಿನ ಸಿಗ್ನಲ್ ಸಿಗುತ್ತಿದ್ದುದು ಬಚ್ಚಲಿನ ಕಿಟಕಿಯ ಬಳಿ ಮಾತ್ರ, ಅದೂ ಅದಕ್ಕೆ ಮನಸ್ಸಾದಾಗ.

ಇಂಟರ್‌ನೆಟ್ ಕಂಪನಿಯ ಲೈನ್‌ಮನ್ ಮೂರಕ್ಕೇ ಬಂದ. ಕಂಬದಿಂದ ಕಿಟಕಿಯವರೆಗೆ ತಂತಿ ಎಳೆದು, ಕೈ ಒರೆಸಿಕೊಂಡು, "ಮೋಡೆಮ್ ಕೊಡಿ ಮೇಡಮ್" ಎಂದ.

"ಹೊಸದು ತಂದಿಲ್ವಾ?"

"ಕನೆಕ್ಷನ್ ವರ್ಗ ಮಾಡಿಸ್ಕೊಂಡಿದೀರಲ್ಲ, ಹಳೇದೇ ಹಾಕ್ಬೇಕು. ಹೊಸದಕ್ಕೆ ಆ ರಾಜ್ಯದ ಆಫೀಸಿಂದ ಈ ರಾಜ್ಯದ ಆಫೀಸಿಗೆ ಕಾಗದ ಬರಬೇಕು. ಹತ್ತು ದಿನ."

"ಇಂಟರ್‌ನೆಟ್ ಕಂಪನಿಯವರು ಕಾಗದ ಕಳಿಸ್ತಾರಾ?"

"ನಮ್ಮ ಆಫೀಸಲ್ಲಿ ನೆಟ್ ಸರಿಯಿಲ್ಲ ಮೇಡಮ್."

ಅಕ್ಕ ನನ್ನತ್ತ ತಿರುಗಿದಳು. ಸಾಮಾನು ಕಟ್ಟಿದವನು ನಾನು. ಪ್ರತಿ ಪೆಟ್ಟಿಗೆಯ ಮೇಲೂ ಒಳಗೇನಿದೆ ಎಂದು ಚೀಟಿ ಬರೆದು ಅಂಟಿಸಲು ಸಾರಿ ಸಾರಿ ಹೇಳಿದ್ದಳು. ಮೊದಲ ಪೆಟ್ಟಿಗೆಯ ಮುಂದೆ ಮಾರ್ಕರ್ ಹಿಡಿದು ಬಹಳ ಹೊತ್ತು ಕೂತಿದ್ದೆ. ಒಂದು ಮನೆಯೊಳಗೆ ನಿಜವಾಗಿ ಏನೇನಿರುತ್ತದೆ ಎಂದು ಯೋಚಿಸುತ್ತಾ ಹೋದರೆ ಪಟ್ಟಿಗೆ ಕೊನೆಯಿಲ್ಲ. ಕೊನೆಗೆ ಇಪ್ಪತ್ತೈದರ ಮೇಲೆ 'ಬೇಕಾದ್ದು' ಎಂದೂ ಒಂದರ ಮೇಲೆ 'ಬೇಡವಾದ್ದು' ಎಂದೂ ಅಂಟಿಸಿದ್ದೆ.

"ಎಂ.ಎ. ಓದಿದ ತಲೆ ಇದು, ನೋಡ್ಕೊಳ್ಳಿ" ಎಂದು ಅಕ್ಕ ಲೈನ್‌ಮನ್‌ಗೆ ನನ್ನನ್ನು ಪರಿಚಯಿಸಿ, ಕತ್ತರಿ ಹಿಡಿದು ಮೊದಲನೆಯ 'ಬೇಕಾದ್ದು' ಸೀಳಿದಳು. ಅವನು ನೀರಿನ ಲೋಟ ಹಿಡಿದು ಬಾಗಿಲ ಬಳಿ ಕೂತ.

ಮೋಡೆಮ್ ಯಾವುದರಲ್ಲಿದೆ ಎಂದು ನನಗೆ ಗೊತ್ತಿತ್ತು. ಮೂರು ವರ್ಷ ಗೋಡೆಯಾಚೆಯಿಂದ ಅಕ್ಕ ಕಲಿಸುವ ಭಿನ್ನರಾಶಿ ಕೇಳಿದ್ದೆ. ಹೊರಡುವ ದಿನ ಮೋಡೆಮ್ಮಿನ ದೀಪಗಳು ಆರಿ ಮನೆ ಸುಮ್ಮನಾಯಿತು. ಆ ಮೌನ ಎಷ್ಟು ಹಿತವಾಗಿತ್ತೆಂದರೆ ಕೈ ತಾನಾಗಿಯೇ ಅದನ್ನು ಬೇಡವಾದ್ದರೊಳಗೆ ಇಟ್ಟಿತ್ತು. ಈಗ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಕಳ್ಳನ ಹಾಗೆ ಕಣ್ಣಲ್ಲೇ ಆ ಚೀಟಿ ಹುಡುಕಿದೆ. ಎಲ್ಲೂ ಕಾಣಲಿಲ್ಲ.

ಕುಕ್ಕರಿನ ಮುಚ್ಚಳ ಸಿಕ್ಕಿತು, ಕುಕ್ಕರ್ ಸಿಗಲಿಲ್ಲ. ಮೂರು ಎಡಗಾಲಿನ ಚಪ್ಪಲಿ ಸಿಕ್ಕವು. "ಬಲಗಾಲಿಂದು ಯಾಕೋ ಬೇಡವಾಯ್ತು?" ಎಂದಳು ಅಕ್ಕ. ನಾಲ್ಕಕ್ಕೆ ಹತ್ತು ನಿಮಿಷ. ಅವಳು ನಗುವುದನ್ನು ನಿಲ್ಲಿಸಿದ್ದಳು. ಚಪ್ಪಲಿ ಬದಿಗೆಸೆದು ಮುಂದಿನ ಪೆಟ್ಟಿಗೆಗೆ ಕತ್ತರಿ ಹಾಕಿದಳು.

"ಅಕ್ಕಾ, ಅದು ಬೇಡವಾದ್ದರಲ್ಲಿದೆ."

ಅಕ್ಕ ಕತ್ತರಿ ಕೆಳಗಿಟ್ಟಳು.

"ನಿಂಗೆ ಬೇಡವಾದ್ದು ಮೋಡೆಮ್ಮೋ, ನಾನೋ?"

"ನಿನ್ನ ಭಿನ್ನರಾಶಿ."

ಅವಳ ತುಟಿ ಒಂದು ಕ್ಷಣ ಬಿಗಿಯಾಯಿತು, ಆಮೇಲೆ ಫಕ್ಕನೆ ನಕ್ಕುಬಿಟ್ಟಳು. "ನಂಗೂ ಬೇಡ ಕಣೋ! ಆ ಮಕ್ಕಳು ಬೇಕು. ಎಲ್ಲಿ ಆ ಪೆಟ್ಟಿಗೆ? ಎಣಿಸು."

ಎರಡು ಸಲ ಎಣಿಸಿದೆ. ಎರಡೂ ಸಲ ಇಪ್ಪತ್ತೈದೇ.

"ಇರಿ ಸಾರ್, ನಾನೂ ಹುಡುಕ್ತೀನಿ" ಎನ್ನುತ್ತಾ ಲೈನ್‌ಮನ್ ಎದ್ದ. ಅವನು ಕೂತಿದ್ದ ಪೆಟ್ಟಿಗೆಯ ಮೇಲೆ ನನ್ನ ದುಂಡು ಅಕ್ಷರ ಕಂಡಿತು: 'ಬೇಡವಾದ್ದು'.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ" ಎಂದಳು ಅಕ್ಕ.

"ಅಯ್ಯೋ ಮೇಡಮ್, ನಾನು ಕೂಸಿನ ಮೇಲೇ ಕೂತ್ಬಿಟ್ಟಿದ್ದೆ!"

ಕೂಸಿಗೆ ಏನೂ ಆಗಿರಲಿಲ್ಲ. ಅರ್ಧಕ್ಕೇ ಬಿಟ್ಟ ನನ್ನ ಸಂಶೋಧನಾ ಪ್ರಬಂಧದ ದಪ್ಪ ಕಟ್ಟುಗಳ ನಡುವೆ ಭದ್ರವಾಗಿತ್ತು. ಅವು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕೆಂಪು ದೀಪ, ಆಮೇಲೆ ಹಳದಿ, ಬಹಳ ಹೊತ್ತು ಹಳದಿ, ಆಮೇಲೆ ಹಸಿರು. ನಾಲ್ಕು ಗಂಟೆ ಎರಡು ನಿಮಿಷಕ್ಕೆ ಒಂದು ಪುಟ್ಟ ದನಿ ಕೇಳಿತು: "ಮಿಸ್, ನಿಮ್ಮ ಹೊಸ ಮನೇನ ರಟ್ಟಲ್ಲಿ ಕಟ್ಟಿದಾರಾ?"

ಕ್ಲಾಸು ಮುಗಿದ ಮೇಲೆ ಅಕ್ಕ 'ಬೇಡವಾದ್ದು' ಚೀಟಿಯನ್ನು ಕಿತ್ತು ನನ್ನ ಕೋಣೆಯ ಬಾಗಿಲಿಗೆ ಅಂಟಿಸಿದಳು. ನಾನು ಅದನ್ನು ತೆಗೆದಿಲ್ಲ. ಬಾಗಿಲನ್ನೂ ಪೂರ್ತಿ ಮುಚ್ಚುವುದಿಲ್ಲ. ನಾಲ್ಕು ಗಂಟೆಗೆ, ಅಕ್ಕನ ಕ್ಲಾಸಿನ ಹೊತ್ತಿಗೆ, ಕಾಲು ಭಾಗದ ಅರ್ಧದಷ್ಟು ತೆರೆದಿರುತ್ತದೆ, ಅಂದರೆ ಎಂಟನೇ ಒಂದು ಭಾಗ.