ಕಣಿವೆಗೆ ಹಾಕಿದ ಕಲ್ಲು

ನಮ್ಮೂರಿನಿಂದ ಅಕ್ಕಿಆಲೂರಿನ ಸಂತೆಗೆ ಹೋಗಬೇಕಾದರೆ ಗುಡ್ಡದ ಸಾಲು ಅಡ್ಡ ಬರುತ್ತದೆ. ಬಹಳ ಎತ್ತರದ ಗುಡ್ಡಗಳೇನಲ್ಲ. ಒಣ ಹುಲ್ಲು, ಕಾರೆ ಕಂಟಿ, ಬಿಸಿಲಿಗೆ ಕಪ್ಪಾದ ಬಂಡೆ. ಆ ಸಾಲು ಒಂದೇ ಕಡೆ ಬಾಗಿ ದಾರಿ ಬಿಟ್ಟಿದೆ. ಅದೇ ನಮ್ಮ ಕಣಿವೆ. ಬಸ್ಸು ಗುಡ್ಡ ಸುತ್ತಿ ಹೋಗುತ್ತದೆ. ಅದು ಮುಟ್ಟುವ ಹೊತ್ತಿಗೆ ಬುಟ್ಟಿಯ ಪಲ್ಲೆ ಬಾಡಿರುತ್ತದೆ.

ಕಣಿವೆ ಹತ್ತುವವರು ಬುಡದಲ್ಲೊಂದು ಕಲ್ಲು ಆರಿಸಿಕೊಂಡು, ನೆತ್ತಿಯಲ್ಲಿದ್ದ ರಾಶಿಗೆ ಹಾಕಿ ಮುಂದೆ ನಡೆಯುತ್ತಿದ್ದರು. ಕಾಲುನೋವು ಆ ಕಲ್ಲಿನ ಜೊತೆ ಅಲ್ಲೇ ಉಳಿಯುತ್ತದೆಂದು ನಂಬಿಕೆ. ಹಾಕಿದ ಕಲ್ಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಹಾಕಿದವರ ನೋವು ಮುಟ್ಟಿದವರ ಮೈಗೆ ಹತ್ತುತ್ತದೆ. ಎಷ್ಟು ತಲೆಮಾರಿನ ನೋವೋ, ರಾಶಿ ನನಗಿಂತ ಎತ್ತರವಿತ್ತು.

ಕುಬೇರಪ್ಪ ಗೌಡರು ಅದರ ಪಕ್ಕದ ತಮ್ಮ ಹೊಲದಲ್ಲಿ ಕಲ್ಲಿನ ಕ್ವಾರಿ ಶುರು ಮಾಡಿದರು. ಟಿಪ್ಪರಿಗೆ ದಾರಿ ಸಾಲದೆಂದು ಒಂದು ಮುಂಜಾನೆ ಜೆಸಿಬಿ ಹಚ್ಚಿ ಇಡೀ ರಾಶಿಯನ್ನು ಎತ್ತಿಸಿ ಜಲ್ಲಿ ಮಾಡಿಸಿಬಿಟ್ಟರು. ಇನ್ನು ಕಣಿವೆಗೆ ಗೇಟು ಬೀಳುತ್ತದೆ, ನಡೆದು ಹೋಗುವವರನ್ನೂ ಬಿಡುವುದಿಲ್ಲ ಎಂದು ಸುದ್ದಿ ಬಂತು.

ಅಡಿವೆವ್ವನಿಗೆ ಸಿಟ್ಟೇ ಬರುವುದಿಲ್ಲ ಎಂದು ನಮ್ಮ ಓಣಿಯವರು ಅನ್ನುತ್ತಾರೆ. ಬರುತ್ತದೆ. ನಾನು ಅದನ್ನು ಬಹಳ ಹೊತ್ತು ಇಟ್ಟುಕೊಳ್ಳುತ್ತೇನೆ, ಅಷ್ಟೆ.

ಸಂತೆಯ ದಿನ ನಾವು ಹೆಂಗಸರು ಬುಟ್ಟಿ ಹೊತ್ತು ಕಣಿವೆ ಹತ್ತಿದೆವು. ಮುಂದೆ ನಾನು, ನನ್ನ ಹಿಂದೆ ನೆರೆಮನೆಯ ಉಡಚವ್ವ. ನೆತ್ತಿಯಲ್ಲಿ ಬರೀ ಕೆಂಪು ಮಣ್ಣು, ಅದರ ಮೇಲೆ ಗಾಲಿಯ ಗುರುತು.

ಉಡಚವ್ವ ಕಲ್ಲು ಹಿಡಿದು ನಿಂತಳು. “ಎಲ್ಲಿ ಹಾಕೂನ, ಅಕ್ಕ?”

“ರಾಶಿ ಎಲ್ಲಿತ್ತು, ಅಲ್ಲೆ ಹಾಕು.”

“ಅದು ಟಿಪ್ಪರಿನ ದಾರಿ ಆಗೇತಲ್ಲ.”

“ಹಾಕು ಅಂದ್ನೆಲ್ಲ.”

ಹಾಕಿದಳು. ನಾನೂ ಹಾಕಿದೆ. ಹಿಂದಿನವರೂ ಹಾಕಿದರು. ಅಂದು ಯಾರೂ ಸಣ್ಣ ಕಲ್ಲು ತಂದಿರಲಿಲ್ಲ. ಎಲ್ಲರ ಕಾಲೂ ಅಷ್ಟು ನೋಯುತ್ತಿತ್ತೇನೋ.

ಜಲ್ಲಿ ತುಂಬಿದ ಟಿಪ್ಪರು ಬಂದು ನಿಂತಿತು. ಡ್ರೈವರ್ ಮುಸ್ತಾಕ ಕೆಳಗಿಳಿದು ಕಲ್ಲುಗಳನ್ನು ನೋಡಿದ, ನಮ್ಮನ್ನು ನೋಡಿದ. ಒಂದನ್ನೂ ಮುಟ್ಟದೆ ಗೌಡರಿಗೆ ಫೋನ್ ಹಚ್ಚಿದ.

ಗೌಡರು ಬಂದರು. “ಏನವಾ ಅಡಿವೆವ್ವ, ಹಾದ್ಯಾಗ ಆಟ ಹೂಡೀರೇನು? ಕಲ್ಲು ತಗೀರಿ.”

“ಹಾಕಿದ ಕಲ್ಲ ನಾವು ತಗಿಯಂಗಿಲ್ರಿ. ನಿಮಗ ರೂಢಿ ಐತಿ, ನೀವ ತಗೀರಿ.”

“ಬರೇ ಕಲ್ಲಿಗೆ ಇಷ್ಟ್ಯಾಕ? ಆ ಹಳೇ ರಾಶಿ ನಿಮಗೇನು ಅನ್ನ ಹಾಕತಿತ್ತೇನು?”

ಇಷ್ಟು ದಿನ ಇಟ್ಟುಕೊಂಡಿದ್ದು ಆಗ ಹೊರಗೆ ಬಂತು.

“ಗೌಡ್ರ, ನಿಮ್ಮ ಗುಡಿ ಕಟ್ಟಿ ಹತ್ತಾಕ ನಮ್ಮನ್ನ ಬಿಡಲಿಲ್ಲ. ಬಾವಿಗೆ ಬಿಡಲಿಲ್ಲ. ಈ ರಾಶ್ಯಾಗ ನಿಮ್ಮಪ್ಪನ ಕಲ್ಲಿನ ಮ್ಯಾಲ ನಮ್ಮವ್ವನ ಕಲ್ಲು ಕುಂತಿತ್ತು. ಯಾರೂ ಅದಕ್ಕ ಇಳಿ ಅನ್ನಲಿಲ್ಲ. ನಮ್ಮ ತಾಲೂಕಿನ್ಯಾಗ ಅಂಥಾದ್ದು ಇದೊಂದ ಜಾಗ ಇತ್ತು. ಅದನ್ನ ನೀವು ಜಲ್ಲಿ ಮಾಡಿ ಮಾರಿದ್ರಿ. ಈಗ ಹಾದಿನೂ ಮುಚ್ಚತೀರಿ.”

ಗೌಡರ ಮುಖ ಕೆಂಪಗಾಯಿತು. ಬಗ್ಗಿ ಉಡಚವ್ವನ ಕಲ್ಲಿಗೆ ಕೈ ಚಾಚಿದರು.

“ತಗೀರಿ,” ಅಂದಳು ಉಡಚವ್ವ. “ನನ್ನ ಎಡಗಾಲು ರಾತ್ರಿಯಿಡೀ ಜಗ್ಗತೈತ್ರಿ. ನಿಮಗೂ ಒಂದಿಷ್ಟು ಇರಲಿ.”

ಚಾಚಿದ ಕೈ ಕಲ್ಲಿನ ಮೇಲೆಯೇ ನಿಂತಿತು. ಚಿಕ್ಕಂದಿನಲ್ಲಿ ಗೌಡರು ತಮ್ಮಪ್ಪನ ಹೆಗಲ ಮೇಲೆ ಕುಳಿತು, ಮುಷ್ಟಿಯಲ್ಲಿ ಕಲ್ಲು ಹಿಡಿದು ಇದೇ ಕಣಿವೆ ಹತ್ತಿದ್ದನ್ನು ನಾನು ಕಂಡಿದ್ದೇನೆ. ಗೌಡರು ಕೈ ಹಿಂದೆ ತೆಗೆದುಕೊಂಡು ಧೋತರಕ್ಕೆ ಒರೆಸಿಕೊಂಡರು. ಮುಟ್ಟಿಯೇ ಇರಲಿಲ್ಲ, ಆದರೂ ಒರೆಸಿಕೊಂಡರು.

“ಮಷಿನ್ ಕರಸ್ತೇನಿ,” ಅಂದರು.

“ಕರಸ್ರಿ. ಸಂತಿಯಿಂದ ಹೊಳ್ಳಿ ಬರುವಾಗ ಆ ಕಡೆ ಬುಡದಿಂದ ಒಂದೊಂದು ತರ್ತೇವಿ. ಮುಂದಿನ ಸಂತಿಗೂ ತರ್ತೇವಿ. ನಿಮ್ಮ ಮಷಿನ್ನು ದಿನಾ ಇಲ್ಲೇ ನಿಂದರಬೇಕಾಕ್ಕೈತಿ.”

ಮುಸ್ತಾಕ ದಾರಿಯ ಅಂಚಿನಿಂದ ಒಂದು ಕಲ್ಲು ಎತ್ತಿ ತಂದು ನಮ್ಮ ಕಲ್ಲುಗಳ ನಡುವೆ ಇಟ್ಟ.

“ಏನ್ ಮಾಡಾಕತ್ತೀಯಲೇ?” ಅಂದರು ಗೌಡರು.

“ಕ್ಲಚ್ ಒತ್ತಿ ಒತ್ತಿ ಮೊಣಕಾಲು ಹೋಗೇತ್ರಿ ಸಾವ್ಕಾರ,” ಎಂದು ಅವನು ಗಾಡಿ ಹತ್ತಿ ರಿವರ್ಸ್ ಹಾಕಿದ.

ನಾವು ಬುಟ್ಟಿ ಎತ್ತಿಕೊಂಡು ಇಳಿಜಾರು ಇಳಿದೆವು. ಸಿಟ್ಟು ಇಳಿದಿರಲಿಲ್ಲ. ಹೋಗುತ್ತ ಹೋಗುತ್ತ, ಹೊಳ್ಳಿ ಬರುವಾಗ ತರಬೇಕಾದ ಕಲ್ಲನ್ನು ನೋಡಿಟ್ಟುಕೊಂಡೆ. ದೊಡ್ಡದೇ ಇತ್ತು.