ಕಾಯಿಸಿದವಳು

"ಸ್ವಲ್ಪ ಎತ್ತಿ, ನೆಲಕ್ಕೆ ಉಜ್ಜಬೇಡಿ," ಎಂದು ಮಗಳು ಹೇಳುವಷ್ಟರಲ್ಲಿ ದೊಡ್ಡಪ್ಪ ಕುರ್ಚಿಯನ್ನು ಕರಕರನೆ ಎಳೆದು, ಶವಪೆಟ್ಟಿಗೆಯ ತಲೆಯ ಬಳಿ ಹಾಕಿಕೊಂಡು ಕುಳಿತುಬಿಟ್ಟರು. ಹಜಾರ ತುಂಬಿತ್ತು. ಅಪ್ಪನ ಜೊತೆ ಕೆಲಸ ಮಾಡಿದ ಬಡಗಿಗಳು ಗೋಡೆಗೆ ಆತು ನಿಂತಿದ್ದರು.

"ಮೂರು ತಿಂಗಳು!" ದೊಡ್ಡಪ್ಪ ಹೇಳುತ್ತಿದ್ದುದು ಪಕ್ಕದ ಮನೆಯ ಟೈಲರಮ್ಮನಿಗೆ, ಕೇಳಿಸುತ್ತಿದ್ದುದು ಎಲ್ಲರಿಗೂ. "ಮೂಗಿನೊಳಗೆ ಕ್ಯಾನ್ಸರ್. ಆಪರೇಷನ್ ಆಯ್ತು, ರೇಡಿಯೇಷನ್ ಆಯ್ತು. ತಕ್ಷಣ ಸ್ಕ್ಯಾನ್ ಮಾಡಿಸಿ ಅಂತ ಬಡ್ಕೊಂಡೆ. ಮೂರು ತಿಂಗಳು ಆಗ್ಲಿ ಅಂತ ಕೂತ್ಳು ಈ ಓದಿದವಳು. ಆವತ್ತೇ ಬಿತ್ತು ನನ್ನ ತಮ್ಮನ ಮೇಲೆ ಮಣ್ಣು."

"ಅದೆಲ್ಲ ಈಗ್ಯಾಕೆ ಬಿಡಿ ಯಜಮಾನ್ರೇ," ಎಂದಳು ಟೈಲರಮ್ಮ. ಆದರೆ ಅವಳ ಕಣ್ಣು ಮಗಳ ಕಡೆಗೇ ಹೊರಳಿತು.

ನಾಲ್ಕು ವರ್ಷ, ಪ್ರತಿ ಸ್ಕ್ಯಾನಿನ ಮುಂಚೆಯೂ ಮಗಳು ತನ್ನನ್ನು ತಾನೇ ಕೇಳಿಕೊಂಡಿದ್ದಳು: ಕಾಯಿಸಿದ್ದು ತಪ್ಪಾಯಿತೇ?

*

"ಈಗಲೇ ಸ್ಕ್ಯಾನ್ ತೆಗೆದ್ರೆ ಊತವೂ ರೋಗದ ಹಾಗೇ ಕಾಣುತ್ತೆ," ಎಂದಿದ್ದರು ಡಾಕ್ಟರಮ್ಮ, ರೇಡಿಯೇಷನ್ ಮುಗಿದ ದಿನ. "ಗಾಯ ಆರಲಿ. ಮೊದಲನೆಯದು ಮೂರು ತಿಂಗಳಿಗೆ. ಆಮೇಲೆ ಎರಡು ವರ್ಷ ಕೆಲವು ತಿಂಗಳಿಗೊಂದು, ನಂತರ ವರ್ಷಕ್ಕೊಂದು. ನಡುವೆ ತಲೆನೋವು, ರಕ್ತ, ಏನಾದ್ರೂ ಕಂಡ್ರೆ ಮಾತ್ರ ಕಾಯಬೇಡಿ."

"ಹಸಿ ವಾರ್ನಿಶ್ ಮೇಲೆ ಬೆರಳಿಡಬಾರದು, ಅಷ್ಟೇ ತಾನೇ?" ಎಂದಿದ್ದ ಅಪ್ಪ.

ತಿಂಗಳು ತುಂಬುವುದರೊಳಗೆ ದೊಡ್ಡಪ್ಪ, ಮಗಳಿಗೆ ಹೇಳದೆ, ಅಪ್ಪನನ್ನು ಪರಿಚಯದವರ ಸ್ಕ್ಯಾನ್ ಸೆಂಟರಿಗೆ ಕರೆದೊಯ್ದರು. ಮೂಗಿನ ಬುಡದಲ್ಲಿ ಏನೋ ಹೊಳೆಯುತ್ತಿದೆ ಎಂದು ರಿಪೋರ್ಟ್ ಬಂತು. ಈಗಲೇ ಏನೂ ಹೇಳಲಾಗದು ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಅಪ್ಪನ ಕಿವಿಗೆ ಹೋಗಲಿಲ್ಲ. ಉಳಿಗಳನ್ನೆಲ್ಲ ಜೊತೆಗಾರರಿಗೆ ಹಂಚಿದ. ಗೋಡೆಗೆ ಮುಖ ಮಾಡಿ ಮಲಗಿದ.

ಮೂರು ತಿಂಗಳಿಗೆ ತೆಗೆದ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಊತ ಇಳಿದಿತ್ತು.

ಅವತ್ತೇ ಸಂಜೆ ಅಪ್ಪ ಮನೆಮನೆಗೂ ಹೋಗಿ, ಒಂದಿಷ್ಟೂ ನಾಚದೆ ಉಳಿ ವಾಪಸ್ ಕೇಳಿದ. "ಎಲ್ಲದಕ್ಕೂ ಮೂಗು ತೂರಿಸೋನು ನಮ್ಮಣ್ಣ, ರೋಗ ಬಂದಿದ್ದು ನನ್ನ ಮೂಗಿಗೆ," ಎಂದು ನಗಿಸಿದ. ಆಪರೇಷನ್ ಆದಮೇಲೆ ಅವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹಾಲು ಕೆಟ್ಟಿದೆಯೇ, ಮರ ಹಸಿಯಿದೆಯೇ ನೋಡಬೇಕಾದಾಗ, "ನನ್ನ ಮೂಗು ಎಲ್ಲಿ ಹೋಯ್ತು? ಬಾರೇ ಇಲ್ಲಿ," ಎಂದು ಮಗಳನ್ನು ಕೂಗುತ್ತಿದ್ದ. ಮುಂದಿನ ಸ್ಕ್ಯಾನಿಗೆ ಮೊದಲೇ ಮುಗಿದುಹೋಗುವ ಕೆಲಸವನ್ನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ. "ಸ್ಕ್ಯಾನ್ ಏನಾದ್ರೂ ಹೇಳ್ಲಿ, ಬಾಗಿಲು ಅರ್ಧ ಆಗಿದೆ, ನಾನು ಎಲ್ಲಿಗೂ ಹೋಗೋ ಹಾಗಿಲ್ಲ."

ಒಂದು ಸ್ಕ್ಯಾನನ್ನೂ ತಪ್ಪಿಸಲಿಲ್ಲ. ಆದರೂ ನಾಲ್ಕನೆಯ ವರ್ಷ, ಎರಡು ಸ್ಕ್ಯಾನುಗಳ ನಡುವೆ ತಲೆನೋವು ಬಂತು. ಮರುದಿನವೇ ಹೋದರು. ಅಷ್ಟರಲ್ಲಿ ರೋಗ ಮರಳಿ ಬಂದು ಮಿದುಳಿಗೆ ಹತ್ತಿತ್ತು.

*

"ಬೇಗ ನೋಡಿದ್ರೆ ಉಳೀತಿದ್ದ," ದೊಡ್ಡಪ್ಪ ಮತ್ತೆ ಶುರು ಮಾಡಿದರು.

"ಬೇಗ ನೋಡಿದ್ರಲ್ಲ ದೊಡ್ಡಪ್ಪ." ಮಗಳು ಅವರ ಕುರ್ಚಿಯ ಎದುರಿಗೆ ಬಂದು ನಿಂತಳು. "ನೀವೇ ಕರ್ಕೊಂಡು ಹೋಗಿ ಇಲ್ಲದ ರೋಗ ತಂದುಕೊಟ್ರಿ. ಎರಡು ತಿಂಗಳು ಅಪ್ಪ ಗೋಡೆ ನೋಡ್ಕೊಂಡು ಬಿದ್ದಿದ್ರು. ಆ ಎರಡು ತಿಂಗಳು ವಾಪಸ್ ಕೊಡಿ, ಆಮೇಲೆ ನನ್ನ ಮೂರು ತಿಂಗಳು ಕೇಳಿ."

"ಏನೇ, ಹೆಣದ ಮುಂದೆ ನನ್ನ ಮರ್ಯಾದೆ..."

"ಹೆಣದ ಮುಂದೆ ಶುರು ಮಾಡಿದ್ದು ನೀವು. ನಾನು ಕಾಯಿಸಿದ್ದು ಸರಿ. ನಾಳೆ ಕೇಳಿದ್ರೂ ಸರಿ ಅಂತೀನಿ."

ಗೋಡೆಯ ಬಳಿ ಯಾರೋ ಕೆಮ್ಮಿದರು. ದೊಡ್ಡಪ್ಪ ಎದ್ದರು. "ಹೊತ್ತಾಯ್ತು, ಏಳಿ. ಮುಂದೆ ನಾನು ಹೆಗಲು ಕೊಡ್ತೀನಿ. ಹೆಂಗಸರು ಹಿಂದೆ ಬನ್ನಿ."

ಪೆಟ್ಟಿಗೆಯ ಕಾಲ ಬಳಿ ಕುಳಿತಿದ್ದ ಅಮ್ಮ ತಲೆಯೆತ್ತಿದಳು. "ಬೇಡ ಭಾವ. ಮುಂದೆ ಇವಳು ಹೊರ್ತಾಳೆ."

"ಇವಳು ಗಿಡ್ಡಿ ಕಣಮ್ಮಾ! ಪೆಟ್ಟಿಗೆ ವಾಲುತ್ತೆ."

ಮಗಳು ಆಗಲೇ ಬಗ್ಗಿ ಹೆಗಲು ಕೊಟ್ಟಿದ್ದಳು. ಉಳಿದ ಕಡೆಗೆ ಬಡಗಿಗಳು ಹೆಗಲು ಕೊಟ್ಟರು. ಪೆಟ್ಟಿಗೆ ಎದ್ದಿತು, ಅವಳ ಕಡೆಗೆ ವಾಲಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆ ಎತ್ತರದ ಗಂಡಸರೆಲ್ಲ ಮೊಣಕಾಲು ಬಗ್ಗಿಸಿ, ಪೆಟ್ಟಿಗೆಯನ್ನು ಅವಳ ಹೆಗಲ ಮಟ್ಟಕ್ಕೆ ಇಳಿಸಿಕೊಂಡು, ಬೀದಿಯುದ್ದಕ್ಕೂ ಹಾಗೇ ಕುಗ್ಗಿ ನಡೆದರು.