ಡ್ರೈಯರ್ ಹಿಂದಿನ ನೊಣಗಳು

ಚಳಿಗಾಲದ ರಜೆಯಲ್ಲಿ ಕಮ್ಯುನಿಟಿ ಕಾಲೇಜಿನ ಹೀಟರ್ ಆರಿಸುತ್ತಾರೆ. ಅದಕ್ಕೇ ಜೀವಶಾಸ್ತ್ರದ ಮೇಡಂ ಹಣ್ಣುನೊಣಗಳ ಸೀಸೆಗಳನ್ನು ಮಕ್ಕಳ ಕೈಗಿತ್ತು, "ಮನೇಲಿ ಬೆಚ್ಚಗಿಡಿ" ಎಂದುಬಿಟ್ಟರು. ಎಲ್ಲರ ಮನೆಯೂ ಬೆಚ್ಚಗಿರುತ್ತದೆಂದು ಅವರಿಗೆ ಯಾರು ಹೇಳಿದರೋ! ರೋಷೆಲ್ ಪ್ರೂಯಿಟ್‌ಳ ಮನೆಯಲ್ಲಿ ಬಿಲ್ ಕಟ್ಟಲಾಗದೆ ಹೀಟರ್ ಉರಿಸುವ ಗ್ಯಾಸ್ ನಿಂತಿತ್ತು. ಅಮೆರಿಕದ ಟೊಲೆಡೊ ಊರಿನ ಆ ಚಳಿಯಲ್ಲಿ ಅವಳೂ ಅಮ್ಮನೂ ಕೋಟು ಹಾಕಿಕೊಂಡೇ ಮಲಗುತ್ತಿದ್ದರು.

ಆದರೆ ನೊಣಗಳು ಬದುಕಲೇಬೇಕಿತ್ತು. ಹುಟ್ಟುವ ಮರಿನೊಣಗಳಲ್ಲಿ ಯಾವ ಬಣ್ಣದ ಕಣ್ಣಿನವು ಎಷ್ಟೆಂದು ಎಣಿಸಿ ವರದಿ ಕೊಟ್ಟರಷ್ಟೇ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬೇಸಿಗೆಯ ಕೆಲಸಕ್ಕೆ ಸಂದರ್ಶನ, ಅದೂ ಸಂಬಳದ ಕೆಲಸ. ಇಲ್ಲದಿದ್ದರೆ ಓದು ಬಿಟ್ಟು, ಈಗ ಸಂಜೆ ಹೊತ್ತು ಕೆಲಸ ಮಾಡುವ ಒಡೆಸ್ಸಾ ಚಿಕ್ಕಮ್ಮನ ಲಾಂಡ್ರಿಯಲ್ಲೇ ದಿನವಿಡೀ ಊರವರ ಬಟ್ಟೆ ಮಡಚುವುದೇ ಗತಿ. ಆ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ದೊಡ್ಡ ಡ್ರೈಯರ್ ಹಿಂದಿನ ಬೆಚ್ಚಗಿನ ಮೂಲೆಯಲ್ಲೇ ಅವಳು ಸೀಸೆಗಳನ್ನು ಬಚ್ಚಿಟ್ಟಳು.

ಭಾನುವಾರ ಇಡೀ ಬೀದಿ ಬಟ್ಟೆ ತಂದು ಸುರಿಯಿತು. ಡ್ರೈಯರ್‌ಗೆ ಬಿಡುವೇ ಇರಲಿಲ್ಲ. ಮರುದಿನ ನೋಡಿದರೆ ನೊಣಗಳೆಲ್ಲ ಅಂಗಾತ ಬಿದ್ದಿದ್ದವು. ರೋಷೆಲ್ ಅಲ್ಲೇ ಕುಸಿದು ಕೂತು ಅತ್ತಳು.

"ನನ್ನ ಅಂಗಡೀಲಿ ನೊಣ ಸಾಕ್ತಿದೀಯೇನೇ?" ಚಿಕ್ಕಮ್ಮ ಸೀಸೆ ಎತ್ತಿ ಹಿಡಿದಳು.

"ಸತ್ತುಹೋದ್ವು ಚಿಕ್ಕಮ್ಮ. ನಿನ್ನ ಡ್ರೈಯರ್ ಸುಟ್ಟು ಕೊಂದ್ಬಿಡ್ತು."

"ಪೀಡೆ ತೊಲಗ್ತು ಬಿಡು. ಈ ವಿಜ್ಞಾನ ಗಿಜ್ಞಾನ ಎಲ್ಲ ನಮ್ಮಂಥೋರಿಗಲ್ಲ."

ಅಳುತ್ತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. "ಯಾರು ಹೇಳಿದ್ದು? ಮೇಡಂ ಹತ್ರ ಬೇರೆ ಸೀಸೆ ಇಸ್ಕೊಂಡು ಬರ್ತೀನಿ. ಇಲ್ಲೇ ಇಡ್ತೀನಿ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗಿ!"

ಚಿಕ್ಕಮ್ಮ ದುರುಗುಟ್ಟಿ ನೋಡಿ ಹೊರಟುಹೋದಳು. ಆದರೆ ಮುಂದಿನ ಭಾನುವಾರ, ರೋಷೆಲ್ ಹೊಸ ಸೀಸೆಗಳನ್ನು ಹಿಂದೆ ಇಟ್ಟಿದ್ದ ದೊಡ್ಡ ಡ್ರೈಯರ್ ಮೇಲೆ 'ಕೆಟ್ಟಿದೆ' ಎಂಬ ರಟ್ಟು ತೂಗುತ್ತಿತ್ತು. ಒಳಗೆ ಸಣ್ಣ ಬಿಸಿಯಲ್ಲಿ ಒಂದೇ ಒಂದು ಟವೆಲ್ ಸುತ್ತುತ್ತಿತ್ತು.

"ಕೆಟ್ಟಿದೆ ಅಂತೀಯ, ತಿರುಗ್ತಾನೇ ಇದೆಯಲ್ಲ?" ಎಂದ ಒಬ್ಬ ಗಿರಾಕಿ.

"ಕೆಟ್ಟಿರೋದಕ್ಕೇ ಕಣಯ್ಯಾ ನಿಲ್ತಾ ಇಲ್ಲ! ನಡಿ ಆ ಕಡೆ!" ಎಂದಳು ಚಿಕ್ಕಮ್ಮ.

ಮರಿಗಳು ಹುಟ್ಟಿದವು. ವರದಿಯಲ್ಲಿ ರೋಷೆಲ್ ಸತ್ತ ನೊಣಗಳನ್ನೂ ಮುಚ್ಚಿಡಲಿಲ್ಲ, ಡ್ರೈಯರನ್ನೂ ಮುಚ್ಚಿಡಲಿಲ್ಲ. ಸಂದರ್ಶನದಲ್ಲಿ ಅದರ ಮೊದಲ ಪುಟ ಓದಿಯೇ ಪ್ರೊಫೆಸರ್ ನಕ್ಕರು.

"ಲಾಂಡ್ರೀಲಾ? ಮನೇಲೇ ಇಡಬಹುದಿತ್ತಲ್ಲಮ್ಮ?"

"ನಮ್ಮನೇಲಿ ಹೀಟರ್ ಉರಿಯಲ್ಲ ಸಾರ್. ನಾವು ನಡುಗಿದ್ವಿ, ನೊಣ ಬೆಚ್ಚಗಿದ್ವು. ನೀವು ನಗೋದಾದ್ರೆ ನಗಿ, ವರದಿ ಪೂರ್ತಿ ಓದಿ ಆಮೇಲೆ ನಗಿ."

ಅವರು ಪೂರ್ತಿ ಓದಿದರು. ಆಮೇಲೆ ನಗಲಿಲ್ಲ, ಜೂನ್‌ನಲ್ಲಿ ಬಾ ಎಂದರು.

ಮೊದಲ ಸಂಬಳದಲ್ಲಿ ರೋಷೆಲ್ ಗ್ಯಾಸ್ ಬಾಕಿ ತೀರಿಸಿ, ಹೊರಗೆ ಬಿಸಿಲು ಧಗಧಗಿಸುತ್ತಿದ್ದರೂ ಮನೆಯ ಹೀಟರ್ ಹಚ್ಚಿದಳು.

"ಹುಚ್ಚು ಹಿಡೀತೇನೇ? ಬೆವರು ಕಿತ್ಕೊಂಡು ಬರ್ತಿದೆ, ಆರಿಸು!" ಎಂದಳು ಅಮ್ಮ.

"ಇರಲಿ ಬಿಡಮ್ಮ," ಎಂದು ರೋಷೆಲ್ ಅದರ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತಳು.